ಪುಟ್ಟಬಸವಯ್ಯನವರ ಇನ್ನೊಂದು ಸುತ್ತು

ಪುಟ್ಟಬಸವಯ್ಯನವರು ಮುಚ್ಚಿದ ಮುಚ್ಚಳವನ್ನು ತೆರೆಯಲು ಪುಟ್ಟಬಸವಯ್ಯನವರೇ ಬರಬೇಕು. ಇದು ಉತ್ಪ್ರೇಕ್ಷೆಯಲ್ಲ, ನಂಜನಗೂಡಿನಲ್ಲಿ ಊಟಿ ರಸ್ತೆಯಿಂದ ಒಳಕ್ಕೆ ಮೂರನೆಯ ತಿರುವಿನಲ್ಲಿರುವ ನಮ್ಮ ಬೀದಿಯ ಹನ್ನೊಂದು ಮನೆಗಳೂ ಅನುಭವಿಸಿ ಒಪ್ಪಿಕೊಂಡಿರುವ ಸತ್ಯ. ಅವರ ಮನೆಯಿಂದ ಬಂದ ನಿಂಬೆಕಾಯಿ ಉಪ್ಪಿನಕಾಯಿಯ ಶೀಶೆಯನ್ನು ನಾನೊಮ್ಮೆ ಟವೆಲ್ ಸುತ್ತಿ ತಿರುಗಿಸಿದೆ, ಬಿಸಿನೀರಿನಲ್ಲಿ ಅದ್ದಿ ತಿರುಗಿಸಿದೆ, ಬಾಗಿಲ ಸಂದಿಗೆ ಕೊಟ್ಟು ತಿರುಗಿಸಿದೆ. ಬಾಗಿಲ ಕೀಲು ಸಡಿಲವಾಯಿತೇ ಹೊರತು ಮುಚ್ಚಳ ಅಲುಗಲಿಲ್ಲ. ಕೊನೆಗೆ ಶೀಶೆಯನ್ನು ಎತ್ತಿಕೊಂಡು ಅವರ ಮನೆಗೇ ಹೋದೆ. ಅವರು ಅದನ್ನು ಕಂಕುಳಲ್ಲಿ ಇರುಕಿಕೊಂಡು, ನನ್ನೊಡನೆ ಮಳೆಬೆಳೆಯ ಮಾತಾಡುತ್ತಲೇ ಟಕ್ಕೆಂದು ತೆರೆದರು. ಒಳಗಿನ ಹೋಳುಗಳನ್ನು ಪ್ರೀತಿಯಿಂದ ನನಗೆ ತೋರಿಸಿದರು. ಆಮೇಲೆ ಅಭ್ಯಾಸಬಲದಿಂದ ಮತ್ತೆ ಮುಚ್ಚಿ ನನ್ನ ಕೈಗೆ ಕೊಟ್ಟರು.

ಅರವತ್ತೆರಡು ದಾಟಿದ ಈ ನೀಳ ಕೃಶಕಾಯದಲ್ಲಿ ಅಂಥ ಶಕ್ತಿ ಎಲ್ಲಿ ಅಡಗಿದೆಯೋ ಶಿವನೇ ಬಲ್ಲ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಮೂಗಿನ ತುದಿಗೆ ಜಾರಿ ನಿಂತ ಕನ್ನಡಕ. ನಡೆಯುವಾಗ ಎಡಗೈ ಎಲ್ಲರ ಎಡಗೈಯಂತೆ ಬೀಸುತ್ತದೆ, ಬಲಗೈ ಮಾತ್ರ ಬೆರಳುಗಳನ್ನು ಅರ್ಧ ಮಡಿಸಿಕೊಂಡು ಸೊಂಟದ ಬಳಿಯೇ ನಿಂತುಬಿಡುತ್ತದೆ, ಕಾಣದ ಮುಚ್ಚಳವೊಂದು ಸದಾ ಅದರೊಳಗೆ ಇದ್ದಂತೆ. ಮಾತು ಕಡಿಮೆ. ಆಡುವ ಮಾತಿನಲ್ಲಿ ಪದೇಪದೇ ಬರುವುದು ಒಂದೇ: 'ಇನ್ನೊಂದ್ ಸುತ್ತು ಕೊಟ್ಬುಡಾಣ.' ಗ್ಯಾಸ್ ಒಲೆಯ ಗುಬುಟು ತಿರುಗಿಸಿ ಆರಿಸುವಾಗಲೂ ಅದೇ, ಮೂಟೆಯ ಬಾಯಿಗೆ ಹುರಿ ಬಿಗಿಯುವಾಗಲೂ ಅದೇ, ಎದ್ದು ಹೊರಟ ನೆಂಟರನ್ನು ಕಾಫಿಗೆಂದು ಮತ್ತೆ ಕೂರಿಸುವಾಗಲೂ ಅದೇ. ನಮ್ಮ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ನಾನು ಬಾಯಿತಪ್ಪಿ ಅಂದದ್ದನ್ನೇ ಹಿಡಿದು ಅವರು ಬಂದು ಕೊಟ್ಟ ಒಂದೇ ಸುತ್ತಿನಲ್ಲಿ ನಲ್ಲಿಯ ತಲೆ ಕಿತ್ತು ಅವರ ಕೈಗೇ ಬಂದಿತು. 'ಇನ್ನು ತೊಟ್ಟಿಕ್ಕಾಕಿಲ್ಲ ಬುಡಿ ಮೇಷ್ಟ್ರೇ' ಎಂದರು, ಕನ್ನಡಕ ಒರೆಸಿಕೊಳ್ಳುತ್ತ. ನಿಜವೇ. ಧಾರಾಕಾರವಾಗಿ ಸುರಿಯುತ್ತಿದ್ದ ನೀರಿಗೆ ತೊಟ್ಟಿಕ್ಕುವುದು ಎನ್ನಲಾಗದು.

ಮೂವತ್ತೆರಡು ವರ್ಷ ಅವರು ತಾಂಡ್ಯದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಮ್ಮಿನ ಸಿರಪ್ಪಿನ ಶೀಶೆಗಳಿಗೆ ಮುಚ್ಚಳ ಬಿಗಿದು ಪೆಟ್ಟಿಗೆಗೆ ತುಂಬುವ ಕೆಲಸದಲ್ಲಿದ್ದರು. ನಿವೃತ್ತರಾದ ಮೇಲೂ ಅಲ್ಲಿಯ ಖಾಕಿ ಕೋಟನ್ನು ಬಿಟ್ಟಿಲ್ಲ. ಮೊಣಕೈ ತೇಪೆ ಕಂಡಿದೆ, ಗುಂಡಿಗಳಲ್ಲಿ ಎರಡು ಬೇರೆ ಬಣ್ಣದವು. ಜೇಬಿನ ಮೇಲೆ ಕೆಂಪು ದಾರದಲ್ಲಿ ಹೊಲಿದ ಹದಿನೇಳು ಎಂಬ ಅಂಕೆ ಮಾತ್ರ ಮಾಸಿಲ್ಲ. ಮನೆಯಲ್ಲಿ ರಿಪೇರಿಯ ಕೆಲಸವೇನಿದ್ದರೂ ಮೊದಲು ಆ ಕೋಟು ಗೂಟದಿಂದ ಇಳಿಯುತ್ತದೆ. ಹದಿನೇಳು ಏನೆಂದು ಒಮ್ಮೆ ಕೇಳಿದ್ದೆ. 'ನಂಬರ್ರು' ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದರು.

ಈ ಕೈಯೂ ಈ ಕೋಟೂ ಸೇರಿ ಒಂದು ಕಾರನ್ನು ಕಳೆದುಕೊಳ್ಳುವ ಹಂತಕ್ಕೆ ಬಂದ ಕಥೆಯನ್ನು ಹೇಳದೆ ಅವರ ಚಿತ್ರ ಪೂರ್ಣವಾಗುವುದಿಲ್ಲ.

ಕಾರು ಇಪ್ಪತ್ತು ವರ್ಷ ಹಳೆಯದು, ಬಿಳಿಯದು, ಹಿಂದಿನ ಎಡಬಾಗಿಲನ್ನು ಒಳಗಿನಿಂದಲೇ ತೆಗೆಯಬೇಕಾದದ್ದು. ಪುಟ್ಟಬಸವಯ್ಯನವರು ಅದನ್ನು ಕೊಂಡದ್ದು ತಮ್ಮ ಷೋಕಿಗಲ್ಲ. ಹೆಂಡತಿ ಮಂಗಳಮ್ಮನ ತವರು ಮೂಗೂರು. ಅಲ್ಲಿ ಅವರ ಅಕ್ಕ ಮಹದೇವಮ್ಮ ಇದ್ದಾರೆ. ಪ್ರತಿ ಹುಣ್ಣಿಮೆಗೆ ಅಕ್ಕತಂಗಿಯರು ಒಟ್ಟಿಗೆ ಕೂತು ಊಟ ಮಾಡದಿದ್ದರೆ ಇಬ್ಬರಿಗೂ ಆ ತಿಂಗಳು ತಿಂಗಳೇ ಅಲ್ಲ. ಮಂಗಳಮ್ಮನ ಮಂಡಿ ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲವೆಂದು ಮುಷ್ಕರ ಹೂಡಿದಾಗ, ಐವತ್ತೊಂದನೆಯ ವಯಸ್ಸಿನಲ್ಲಿ ಈ ಮಹಾನುಭಾವ ಸ್ಟೇರಿಂಗ್ ಹಿಡಿಯಲು ಕಲಿತರು. ಅಂದಿನಿಂದ ಟಿ. ನರಸೀಪುರದ ಮೇಲೆ ಮೂಗೂರಿಗೆ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ, ಹಿಂದೆ ಬಸ್ಸು ಲಾರಿಗಳ ಮೆರವಣಿಗೆಯೊಡನೆ, ಹೆಂಡತಿಯನ್ನು ಕರೆದೊಯ್ದು ಕರೆತರುವುದು ಅವರ ಪಾಲಿಗೆ ಒಂದು ವ್ರತ.

ಇಂಥ ಕಾರಿನ ಎಂಜಿನ್ನಿನ ನೆತ್ತಿಯಿಂದ ಎಣ್ಣೆ ಜಿನುಗತೊಡಗಿತು. ಅಲ್ಲಿ ಎಂಜಿನ್ನನ್ನು ಮುಚ್ಚಿಕೊಂಡು ಕೂತಿರುವ ಕವಚಕ್ಕೆ ಗ್ಯಾರೇಜಿನವರು ಟ್ಯಾಪೆಟ್ ಕವರ್ ಎನ್ನುತ್ತಾರೆ. ಅದರ ಅಂಚಿನ ಕೆಳಗೆ ಕುಳಿತು ಎಣ್ಣೆಯನ್ನು ಒಳಗೇ ತಡೆಯುವ ರಬ್ಬರಿನ ಪಟ್ಟಿಗೆ ಪ್ಯಾಕಿಂಗ್ ಎನ್ನುತ್ತಾರೆ. ಪ್ಯಾಕಿಂಗಿಗೆ ವಯಸ್ಸಾಗಿತ್ತು. ಎಣ್ಣೆ ಹನಿಹನಿಯಾಗಿ ಬಿದ್ದದ್ದಾದರೂ ಎಲ್ಲಿ? ಗೇಟಿನ ಒಳಗಿನ ಸಿಮೆಂಟು ನೆಲದಲ್ಲಿ, ಮಂಗಳಮ್ಮ ದಿನಾ ಬೆಳಿಗ್ಗೆ ಕಾರನ್ನು ಹಿಂದಕ್ಕೆ ತಳ್ಳಿಸಿ ರಂಗೋಲಿ ಇಡುವ ಜಾಗದ ನಟ್ಟನಡುವೆ.

ಮಂಗಳಮ್ಮ ನಮ್ಮ ಬೀದಿಯ ರಂಗೋಲಿಗೆ ಸರ್ವಾಧಿಕಾರಿ. ಮೊದಮೊದಲು ಆಕೆ ಸಹನೆಯನ್ನೇ ತೋರಿದರು. ಬಟಾಣಿಯಷ್ಟಿದ್ದ ಎಣ್ಣೆಯ ಕಲೆಯನ್ನು ಗಿಳಿಯ ಕಣ್ಣು ಮಾಡಿಕೊಂಡರು. ಮುಂದಿನ ವಾರ ಅದು ಹಿಗ್ಗಿದಾಗ ನವಿಲುಗರಿಯ ಕಣ್ಣು. ಆಮೇಲೆ ತಾವರೆಯ ಎಲೆ. ಆಮೇಲೆ ಒಂದು ಮರಿಯಾನೆ. ಕಲೆ ಕಾಲುಮಣೆಯಷ್ಟಾದ ದಿನ ಏನು ಗೆರೆ ಎಳೆದರೂ ಎಮ್ಮೆಯ ಆಕಾರವೇ ಮೂಡಿತು. ಮಂಗಳಮ್ಮ ಪುಡಿಯ ಡಬ್ಬಿಯನ್ನು ಕುಕ್ಕಿ ಎದ್ದು ನಿಂತರು.

'ಸಂಕ್ರಾಂತಿಗೆ ಹಸ ಬರೀಬೌದು. ಎಮ್ಮೆ ಬರೆಯೋ ಹಬ್ಬ ಯಾವ್ದದೆ ಹೇಳಿ ನೋಡಾಣ?'

ಪುಟ್ಟಬಸವಯ್ಯನವರು ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿದರು.

ಅದರ ಮೇಲೆ ಆ ಹುಣ್ಣಿಮೆಯ ಪ್ರಯಾಣ ಬಂದಿತು. ಎಂಜಿನ್ನಿನ ಕಾದ ಹೊಗೆಕೊಳವೆಯ ಮೇಲೆ ಎಣ್ಣೆ ಬಿದ್ದು ಸುಟ್ಟು, ಟಿ. ನರಸೀಪುರದ ಪೇಟೆಯ ನಡುವೆ ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ ಎದ್ದಿತು. ನೋಡಿದವರು ನೋಡುತ್ತ ನಿಲ್ಲಲಿಲ್ಲ, ಸಹಾಯಕ್ಕೇ ಬಂದರು. ಕಬ್ಬಿನಹಾಲಿನ ಅಂಗಡಿಯವನು ಲೋಟ ತೊಳೆದ ಬಕೆಟ್ಟನ್ನು ಎತ್ತಿಕೊಂಡು ಓಡಿಬಂದು, ಬಾನೆಟ್ಟಿನ ಮೇಲೆ ಸುರಿಯುವ ಬದಲು, ಗಾಬರಿಯಲ್ಲಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ ಮಂಗಳಮ್ಮನ ಮೇಲೆ ಸುರಿದ. ಹಾಗೇ ಮೂಗೂರು ಸೇರಿದ ತಂಗಿಯನ್ನು ಜಗಲಿಯ ಮೇಲಿಂದಲೇ ಮೂಸಿ ನೋಡಿದ ಮಹದೇವಮ್ಮ ಕೇಳಿದರಂತೆ: 'ಏನ್ ಮಂಗ್ಳಾ, ದಾರೀಲಿ ಬೋಂಡ ಕರ್ಕಂಡ್ ಬಂದ್ಯಾ?'

ಆ ಒಂದು ಮಾತು ಕಾರಿನ ಹಣೆಬರಹ ಬರೆಯಿತು. ಮಹದೇವಮ್ಮನ ಮಗ ರವಿಕುಮಾರ್ ಟಿ. ನರಸೀಪುರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಮಂಗಳಮ್ಮ ಅಲ್ಲೇ, ಗಂಡನ ಎದುರಿಗೇ, ಅವನನ್ನು ಕರೆದರು. 'ರವೀ, ಮೂರು ವಾರ ನೋಡ್ತೀನಪ್ಪ. ಮೂರ್ನೇ ಸೋಮಾರ ಬೆಳಿಗ್ಗೆ ಬಾ. ಅವತ್ತೂ ಎಣ್ಣೆ ತೊಟ್ಟಿಕ್ತಾ ಇದ್ರೆ ಗಾಡಿ ನೀನೇ ತಗೊಂಡೋಗು. ನಾನು ಆಟೋದಲ್ಲಿ ಓಡಾಡ್ತೀನಿ.'

ರವಿಕುಮಾರ್ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ ನೆಲ ನೋಡುತ್ತಿದ್ದರು. ಕಂಡಕಂಡವರು ತಮ್ಮ ಕಾರಿನ ಕ್ಲಚ್ಚನ್ನು ತುಳಿದು ಕಲಿಯುವುದು, ಗೇರು ಹಲ್ಲು ಕಡಿಯುವುದು, ಹಿಂದಿನ ಗಾಜಿನ ಮೇಲೆ ಕೆಂಪು ಎಲ್ ಅಕ್ಷರ ಅಂಟುವುದು ಎಲ್ಲವೂ ಅವರ ಕಣ್ಣಿಗೆ ಕಟ್ಟಿದವು. ಅದಕ್ಕಿಂತ ಹೆಚ್ಚಾಗಿ, ಮಂಗಳಮ್ಮ ತಮ್ಮ ಪಕ್ಕದ ಸೀಟು ಬಿಟ್ಟು ಯಾರದೋ ಆಟೋದಲ್ಲಿ ಮೂಗೂರಿಗೆ ಹೋಗುತ್ತಾರೆಂಬ ಮಾತು ಅವರ ಎದೆಗೆ ಚುಚ್ಚಿತು.

ಮಾರನೆಯ ದಿನವೇ ಬಸ್ ನಿಲ್ದಾಣದ ಹತ್ತಿರದ ಮೆಕ್ಯಾನಿಕ್ ಮಾದುವಿನ ಮುಂದೆ ಕಾರು ನಿಂತಿತು. ಮಾದು ಬಾನೆಟ್ಟೆತ್ತಿ ಬೆರಳಾಡಿಸಿ ಹೇಳಿದ: 'ಪ್ಯಾಕಿಂಗು ಕಲ್ಲಾಗೋಗದೆ ಸಾ. ಎಷ್ಟ್ ಬಿಗಿ ಮಾಡುದ್ರೂ ನಿಲ್ಲಾಕಿಲ್ಲ. ಒಸಾದ್ ಆಕಿ ಅಗುರಾಗ್ ಕೂರ್ಸಬೇಕು. ಬುಡಿ, ಒಂದ್ ಗಂಟೇಲಿ ಮಾಡ್ಕೊಡ್ತೀನಿ.'

ಹಗುರಾಗಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಪುಟ್ಟಬಸವಯ್ಯನವರಿಗೆ ಮಾದುವಿನ ವಿದ್ಯೆಯ ಮೇಲಿದ್ದ ಗೌರವ ಇಳಿದುಹೋಯಿತು. ಅಂಗಡಿಯಿಂದ ಎರಡು ಪ್ಯಾಕಿಂಗ್ ಕೊಂಡು, ಒಂದು ಹೋದರೆ ಇನ್ನೊಂದಿರಲಿ ಎಂಬ ಕಾರ್ಖಾನೆಯ ನಿಯಮದಂತೆ, ಮನೆಗೆ ಬಂದರು. 'ಅಗುರಾಗ್ ಕೂರ್ಸ್ತಾನಂತೆ ಮೇಷ್ಟ್ರೇ! ಮದ್ವೆ ಹೆಣ್ಣಾ ಅದು, ಹಸೆ ಮೇಲೆ ಕೂರ್ಸಕೆ?' ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು, ತಲೆಯಾಡಿಸಿದೆ.

ಮೊದಲ ಭಾನುವಾರ ಅವರು ಹೊಸ ಪ್ಯಾಕಿಂಗನ್ನು ಮುಟ್ಟಲಿಲ್ಲ. ಹಳೆಯದಕ್ಕೇ ಬುದ್ಧಿ ಕಲಿಸಲು ಹೊರಟು, ಆರು ಬೋಲ್ಟುಗಳಿಗೂ ಒಂದೊಂದು ಸುತ್ತು, ಆಮೇಲೆ ಇನ್ನೊಂದು ಸುತ್ತು ಕೊಟ್ಟರು. ಒಂದು ಕಡೆ ಬರುತ್ತಿದ್ದ ಎಣ್ಣೆ ಎರಡು ಕಡೆ ಬಂದಿತು. ಎರಡನೆಯ ಭಾನುವಾರ ಕವರ್ ಬಿಚ್ಚಿ ಹೊಸ ಪ್ಯಾಕಿಂಗ್ ಹಾಕಿ, ಒಂದು ಮೂಲೆಯಿಂದ ಹಿಡಿದು ಸಾಲಾಗಿ ಬಿಗಿಯುತ್ತ ಹೋದರು. ಸ್ಪ್ಯಾನರಿನ ತುದಿಗೆ ಕಬ್ಬಿಣದ ಕೊಳವೆಯೊಂದನ್ನು ತೂರಿಸಿ ಉದ್ದ ಮಾಡಿಕೊಂಡು ಕೊನೆಯ ಸುತ್ತು ಕೊಟ್ಟಾಗ, ಹಿಂದಿನ ಮೂಲೆಯಲ್ಲಿ ರಬ್ಬರು ಜಜ್ಜಿ ಹರಿದು, ನಾಲಿಗೆಯಂತೆ ಹೊರಕ್ಕೆ ಬಂದು ಅವರನ್ನು ಅಣಕಿಸಿತು. ಸಂಜೆಗೆ ನೆಲದ ಮೇಲೆ ಎಮ್ಮೆಗೊಂದು ಕರು ಹುಟ್ಟಿತ್ತು. ಮಂಗಳಮ್ಮ ಅದನ್ನು ನೋಡಿದವರೇ ಒಳಗೆ ಹೋದರು. ರವಿಕುಮಾರನಿಗೆ ಫೋನು ಮಾಡಿ ಸೋಮವಾರ ಎಷ್ಟು ಹೊತ್ತಿಗೆ ಬರುತ್ತೀಯೆಂದು ಗಟ್ಟಿಯಾಗಿ ಕೇಳಿದರು.

ಮೂರನೆಯ ಭಾನುವಾರ, ಕೊನೆಯ ಪ್ಯಾಕಿಂಗ್. ಗೋಣಿಚೀಲದ ಮೇಲೆ ಸ್ಪ್ಯಾನರುಗಳು ಸಾಲಾಗಿ ಮಲಗಿದ್ದವು. ಬಿಚ್ಚಿದ ಬೋಲ್ಟುಗಳನ್ನು ಸ್ಟೀಲ್ ತಟ್ಟೆಯಲ್ಲಿ ಇಟ್ಟುಕೊಂಡು ಕೂರುವ ಘನಕಾರ್ಯ ನನ್ನದು. ಪುಟ್ಟಬಸವಯ್ಯನವರು ಕೋಟಿನ ತೋಳು ಮಡಿಸಿ ಕವರನ್ನು ಎತ್ತಿ, ಬ್ಲೇಡಿನಿಂದ ಅಂಚು ಕೆರೆದರು. ಕಾಫಿ ತಂದ ಮಂಗಳಮ್ಮ ಬಗ್ಗಿ ನೋಡಿದರು. ಎಂಜಿನ್ನಿನ ಒಳಗನ್ನು ಆಕೆ ಅದುವರೆಗೆ ನೋಡಿರಲಿಲ್ಲ.

'ಇದೇನ್ರೀ, ಇಷ್ಟೇನಾ? ಕುಕ್ಕರ್ ಗ್ಯಾಸ್ಕೆಟ್ಟು ಇದ್ದಂಗದೆ.'

'ಅದೇ ಬ್ಯಾರೆ, ಇದೇ ಬ್ಯಾರೆ ಕಣೆ.'

'ಏನ್ ಬ್ಯಾರೆ? ಅಲ್ಲಿ ಆವಿ ನಿಲ್ಬೇಕು, ಇಲ್ಲಿ ಎಣ್ಣೆ ನಿಲ್ಬೇಕು.'

ಕುಕ್ಕರಿನ ವಿಷಯದಲ್ಲಿ ಪುಟ್ಟಬಸವಯ್ಯನವರಿಗೆ ಬಾಯಿಲ್ಲ. ಅದರ ಹಿಡಿಯನ್ನು ಒಮ್ಮೆ ಇನ್ನೊಂದು ಸುತ್ತು ಕೊಡಲು ಹೋಗಿ ಮುರಿದ ಮೇಲೆ ಅಡುಗೆಮನೆಯ ಆ ಮೂಲೆಗೆ ಅವರ ಪ್ರವೇಶ ನಿಷಿದ್ಧವಾಗಿದೆ. ಮಂಗಳಮ್ಮ ಲೋಟ ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಎಂಜಿನ್ನಿನ ಅಂಚಿನ ಸುತ್ತ ತೋರುಬೆರಳು ಆಡಿಸಿದರು. ಹಿಂದಿನ ಮೂಲೆಯಲ್ಲಿ ಬೆರಳು ನಿಂತಿತು. ಹಳೆಯ ರಬ್ಬರಿನ ಚೂರೊಂದು, ಕಣ್ಣಿಗೆ ಕಾಣದಷ್ಟು, ಅಲ್ಲೇ ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ಎಬ್ಬಿಸಿ ತೆಗೆದು ಗಂಡನ ಅಂಗೈ ಮೇಲೆ ಇಟ್ಟರು. ಬಟ್ಟೆಯಿಂದ ಎರಡು ಅಂಚನ್ನೂ ಒರೆಸಿದರು. ಹೊಸ ಪಟ್ಟಿಯನ್ನು ಕವರಿನ ಗೀರಿನೊಳಗೆ ಹೆಬ್ಬೆರಳಿನಿಂದ ಒತ್ತುತ್ತ, ಎಲ್ಲೂ ಎಳೆಯದೆ, ಎಲ್ಲೂ ಮಡಿಸದೆ ಸುತ್ತಲೂ ಕೂರಿಸಿದರು. ಕವರು ತನ್ನ ಜಾಗದಲ್ಲಿ ಕೂತಿತು. ಪುಟ್ಟಬಸವಯ್ಯನವರು ಅವಸರದಿಂದ ಮೂಲೆಯ ಬೋಲ್ಟಿಗೆ ಕೈ ಹಾಕಿದರು.

'ಅಲ್ಲಿಂದ್ ಯಾಕ್ ಸುರು ಮಾಡ್ತೀರಿ? ಏಳು ಚುಕ್ಕಿ ರಂಗೋಲಿ ಮೂಲೆಯಿಂದ ಇಡ್ತಾರಾ? ನಡುವಿನ್ ಸಾಲು ಮೊದ್ಲು. ಆಮೇಲೆ ಆಚೆಗೊಂದು, ಈಚೆಗೊಂದು.'

ನಾನು ತಟ್ಟೆ ಚಾಚಿದೆ. ಮಂಗಳಮ್ಮ ಒಂದೊಂದೇ ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದು, ರಂಗೋಲಿ ಪುಡಿ ಬಿಡುವ ಬೆರಳುಗಳೇ ಅವು, ನಡುವಿನಿಂದ ಹೊರಗಿನವರೆಗೆ ತಿರುಗಿಸಿ ನಿಲ್ಲಿಸಿದರು. ಆಮೇಲೆ ಸ್ಪ್ಯಾನರನ್ನು ತುದಿಯಲ್ಲಿ ಹಿಡಿಯದೆ ಕತ್ತಿನ ಹತ್ತಿರ ಹಿಡಿದು ಅದೇ ಕ್ರಮದಲ್ಲಿ ಒಂದಿಷ್ಟಿಷ್ಟೇ ಒತ್ತಿಕೊಟ್ಟರು. 'ಆಯ್ತು' ಎಂದರು.

'ಆಯ್ತಾ? ಇನ್ನೊಂದ್ ಸುತ್ತು...'

'ಬ್ಯಾಡ.'

'ಅರ್ಧ?'

'ಬ್ಯಾಡ ಅಂದ್ನಲ್ಲ.'

'ಕಾಲ್ ಸುತ್ತು ಮಂಗಳಾ. ಬರೀ ಕಾಲು.'

ಸಂತೆಯಲ್ಲಿ ಬದನೆಕಾಯಿಗೆ ನಡೆಯುವ ಚೌಕಾಶಿಯಂತಿತ್ತು. ನಾನು ನಗಲು ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿಕೊಂಡೆ. ವಿಭೂತಿ ಬೆವರಿನಲ್ಲಿ ಇಳಿದು ಹುಬ್ಬಿಗೆ ಬಂದಿತ್ತು. ಮಂಗಳಮ್ಮನೂ ನೋಡಿದರು. ಆಕೆಯ ದನಿ ಇಳಿಯಿತು.

'ಯಾಕ್ರೀ ಹಿಂಗ್ ಹೆದ್ರುತೀರಿ? ಸೋರುದ್ರೆ ಏನಾಗೋಯ್ತದೆ?'

ಪುಟ್ಟಬಸವಯ್ಯನವರು ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ ಕೋಟಿನ ಜೇಬಿನ ಮೇಲಿನ ಅಂಕೆಯನ್ನು ಬೆರಳಿನಿಂದ ಸವರಿದರು. 'ಒಳಗೆ ಚೀಟಿ ಇರ್ತದೆ ಕಣೆ' ಎಂದರು.

ಕೆಲಸಕ್ಕೆ ಸೇರಿದ ಮೂರನೆಯ ವರ್ಷದ ಮಾತು. ಪ್ರತಿ ಪೆಟ್ಟಿಗೆಯೊಳಗೂ ತುಂಬಿದವನ ನಂಬರಿನ ಚೀಟಿ ಹಾಕುವುದು ಅಲ್ಲಿಯ ಪದ್ಧತಿ. ದೂರದ ಯಾವುದೋ ಊರಿನಿಂದ ಒಂದು ಪೆಟ್ಟಿಗೆ ಹಿಂದಿರುಗಿ ಬಂದಿತು. ನಲವತ್ತೆಂಟು ಶೀಶೆಗಳಲ್ಲಿ ಒಂದರ ಮುಚ್ಚಳ ಸಡಿಲವಾಗಿ ಸಿರಪ್ಪು ಸೋರಿ, ಪೆಟ್ಟಿಗೆ ತುಂಬ ಇರುವೆ. ಮೇಲ್ವಿಚಾರಕ ಅದನ್ನು ಊಟದ ಹೊತ್ತಿನಲ್ಲಿ ಎಲ್ಲರ ನಡುವೆ ತಂದಿಟ್ಟು, ಜಿಗುಟಾದ ಚೀಟಿಯನ್ನು ಎತ್ತಿ ಇವರ ಕೈಗೆ ಕೊಟ್ಟು, ಗಟ್ಟಿಯಾಗಿ ಓದು ಎಂದ. 'ಹದಿನೇಳು' ಎಂದು ಓದಿದರು. ಇನ್ನೊಮ್ಮೆ ಓದು ಎಂದ. ಇನ್ನೊಮ್ಮೆ ಓದಿದರು. ಎಲ್ಲರೂ ನಕ್ಕರು. ಬುತ್ತಿಯ ಮುದ್ದೆಯನ್ನು ಅಂದು ಹಾಗೇ ಕಟ್ಟಿಟ್ಟರು. ಅದಾದ ಮೇಲೆ ಅವರ ಕೈಯಿಂದ ಒಂದು ತೊಟ್ಟೂ ಆಚೆ ಹೋಗಲಿಲ್ಲ. ಮೂವತ್ತು ವರ್ಷ ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಮಂಗಳಮ್ಮ ಸ್ಪ್ಯಾನರನ್ನು ಕೈಯಲ್ಲಿ ಹಿಡಿದುಕೊಂಡು ಕಾರಿನ ಬಂಪರಿಗೆ ಒರಗಿ ನಿಂತಿದ್ದರು. ಅಯ್ಯೋ ಪಾಪ ಎನ್ನಲಿಲ್ಲ. 'ಈ ಸಲ ಚೀಟೀಲಿ ನನ್ನೆಸ್ರು ಬರ್ಕೊಳಿ' ಎಂದರು. 'ಹಾಕ್ದೋಳು ನಾನು. ಸೋರುದ್ರೆ ನಾನ್ ಬೈಸ್ಕೋತೀನಿ.'

ಪುಟ್ಟಬಸವಯ್ಯನವರು ಮಾತನ್ನು ಮಾತಿನಂತೆಯೇ ತೆಗೆದುಕೊಳ್ಳುವ ಮನುಷ್ಯ. ಪ್ಯಾಕಿಂಗ್ ಬಂದಿದ್ದ ರಟ್ಟಿನ ಪೆಟ್ಟಿಗೆಯಿಂದ ಒಂದು ಚೂರು ಹರಿದು, ಜೇಬಿನ ಪೆನ್ನು ತೆಗೆದು, ತಾರೀಖು ಹಾಕಿ 'ಮಂಗಳಮ್ಮ' ಎಂದು ದುಂಡಗೆ ಬರೆದು, ಬ್ಯಾಟರಿಯ ಪಟ್ಟಿಯ ಕೆಳಗೆ ಸಿಕ್ಕಿಸಿದರು. ಆಮೇಲೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ಅವರನ್ನು ಇಪ್ಪತ್ತು ವರ್ಷದಿಂದ ಬಲ್ಲೆ. ಅಷ್ಟು ಕಷ್ಟದ ಕೆಲಸವನ್ನು ಅವರು ಮಾಡಿದ್ದನ್ನು ಬೇರೆಂದೂ ನೋಡಿಲ್ಲ.

ಎಂಜಿನ್ನು ಅರ್ಧ ಗಂಟೆ ಓಡಿತು. ಕಾರನ್ನು ಅದರ ಜಾಗದಲ್ಲಿ ನಿಲ್ಲಿಸಿ ಅಡಿಯಲ್ಲಿ ಹಳೆಯ ಪತ್ರಿಕೆ ಹಾಸಿದರು. ಮಂಗಳಮ್ಮ ಮುನ್ನೆಚ್ಚರಿಕೆಯಾಗಿ ಸ್ಪ್ಯಾನರನ್ನು ಒಯ್ದು ಅಕ್ಕಿಯ ಡ್ರಮ್ಮಿನೊಳಗೆ ಹೂತು ಮುಚ್ಚಳ ಮುಚ್ಚಿದರು. ಮುಚ್ಚಿದ್ದು ಮಂಗಳಮ್ಮನಾದ್ದರಿಂದ ಯಾರು ಬೇಕಾದರೂ ತೆಗೆಯಬಹುದಿತ್ತು. ಪುಟ್ಟಬಸವಯ್ಯನವರು ಸಂಜೆಯೆಲ್ಲ ಆ ಡ್ರಮ್ಮಿನ ಸುತ್ತ ಸುಳಿದಾಡಿದರಂತೆ, ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ರವಿಕುಮಾರ್ ಬಂದ. ಕೆಂಪು ಎಲ್ ಅಕ್ಷರದ ಸ್ಟಿಕ್ಕರನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಎಲ್ಲರೂ ಬಗ್ಗಿ ನೋಡಿದೆವು. ಪತ್ರಿಕೆಯ ಅಂಚಿನಲ್ಲಿ ಒಂದು ಹನಿ. ಪುಟ್ಟಬಸವಯ್ಯನವರ ಮುಖ ಬಿಳಿಚಿಕೊಂಡಿತು. ಆದರೂ ಅವರು ಅಂದದ್ದು ಹೀಗೆ: 'ಅವಳದೇನೂ ತಪ್ಪಿಲ್ಲ ರವಿ. ಬ್ಲೇಡ್ ಹಾಕಿ ಕೆರೆದೋನು ನಾನು.' ಮಂಗಳಮ್ಮ ಬಗ್ಗಿ ಆ ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. 'ನೀರ್ರೀ! ಈಗ ತಾನೇ ನಾನೇ ಚುಮುಕ್ಸಿದ್ದು.' ಉಳಿದ ಪತ್ರಿಕೆ ಅಚ್ಚಾದ ದಿನದಷ್ಟೇ ಒಣಗಿತ್ತು.

'ಹಂಗಾರೆ ಗಾಡಿ, ಚಿಕ್ಕಮ್ಮ?' ಎಂದ ರವಿಕುಮಾರ್.

'ಗಾಡಿ ಇಲ್ಲೇ ಇರ್ತದೆ. ನಿಮ್ಮವ್ವನ್ ನೋಡಕೆ ನಾನೇನ್ ನಡ್ಕಂಡ್ ಬರ್ಲಾ?' ಎಂದು ಮಂಗಳಮ್ಮ ಪುಡಿಯ ಡಬ್ಬಿ ಹಿಡಿದು ಕೂತರು. ಎಷ್ಟು ತಿಕ್ಕಿದರೂ ಹೋಗದೆ ಉಳಿದಿದ್ದ ಬಟಾಣಿಯಷ್ಟು ಕಲೆ ಅಂದು ಮತ್ತೆ ಗಿಳಿಯ ಕಣ್ಣಾಯಿತು.

ತಿಂಗಳಾದ ಮೇಲೆ ಆ ಮನೆಯಿಂದ ನಮಗೆ ಮತ್ತೊಂದು ಶೀಶೆ ಉಪ್ಪಿನಕಾಯಿ ಬಂದಿತು. ನಾನು ಟವೆಲ್ ತಂದಿಟ್ಟುಕೊಂಡು, ಕಾಲು ಅಗಲಿಸಿ ನಿಂತು, ಹಲ್ಲುಕಚ್ಚಿ ತಿರುಗಿಸಿದೆ. ಮುಚ್ಚಳ ಬೆರಳು ತಾಕಿದ್ದಕ್ಕೇ ಬಂದುಬಿಟ್ಟಿತು. ಅದಕ್ಕೂ ಮೊದಲೇ ಸೋರಿ ಶೀಶೆಯ ಮೈಗೆ ಹರಿದಿದ್ದ ಎಣ್ಣೆ ಒಗೆದ ಅಂಗಿಯ ಮೇಲೆಲ್ಲ ಇಳಿಯಿತು. ಶೀಶೆಯ ಕತ್ತಿಗೆ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿತ್ತು. ಅದರ ಮೇಲೆ ದುಂಡಗೆ, ಹದಿನೇಳು. ನನಗೆ ಅಂಗಿಯ ಚಿಂತೆ ಮರೆತು ಕಣ್ಣು ಮಂಜಾಯಿತು. ಹಾಗೇ ಎಣ್ಣೆಯಂಗಿಯಲ್ಲಿ ಅವರ ಮನೆಗೆ ಹೋಗಿ, 'ಸೋರಿದೆಯಲ್ಲ ಪುಟ್ಟಬಸವಯ್ಯನವ್ರೇ' ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. 'ಸೋರ್ಲಿ ಬುಡಿ ಮೇಷ್ಟ್ರೇ. ಒರಸ್ಕೊಳಿ' ಎಂದರು.

ಬೀಗ ಹಾಕಿ ನಾಲ್ಕು ಸಲ ಎಳೆದು ನೋಡುವವರು, ಬರೆದ ಕಾಗದವನ್ನು ಲಕೋಟೆಯಿಂದ ಮತ್ತೆ ತೆಗೆದು ಓದುವವರು, ಆರಿಸಿದ ಒಲೆಯನ್ನು ನೋಡಲು ಬಸ್ ನಿಲ್ದಾಣದಿಂದ ಹಿಂದಕ್ಕೆ ಬರುವವರು ನಮ್ಮ ಬೀದಿಬೀದಿಯಲ್ಲೂ ಇದ್ದಾರೆ. ನಾವು ಅವರನ್ನು ಕಂಡು ನಗುತ್ತೇವೆ, ನಗಬೇಕಾದದ್ದೇ. ಆದರೆ ಅವರಲ್ಲಿ ಒಬ್ಬೊಬ್ಬರೂ ಎಂದೋ ಒಂದು ದಿನ, ನಾಲ್ಕು ಜನರ ನಡುವೆ, ತಮ್ಮದೇ ಚೀಟಿಯನ್ನು ಗಟ್ಟಿಯಾಗಿ ಓದಿದವರು. ಅಂಥವರ ಪಕ್ಕದಲ್ಲಿ ನಿಂತು, ಈ ಸಲ ನನ್ನ ಹೆಸರು ಬರೆದುಕೊಳ್ಳಿ ಎನ್ನುವವರು ಒಬ್ಬರು ಬೇಕು. ಪುಟ್ಟಬಸವಯ್ಯನವರು ಆ ಮಾತಿಗೆ ಮೂವತ್ತು ವರ್ಷ ಕಾದರು. ಬಹಳ ಜನ ಅದನ್ನು ಕೇಳದೆಯೇ, ಕೊನೆಯವರೆಗೂ ಇನ್ನೊಂದು ಸುತ್ತು ಕೊಡುತ್ತಲೇ ಇರುತ್ತಾರೆ.